ಮ್ಯಾಂಡೊಲಿನ್‌ನಲ್ಲಿ ಫಿಡಲ್ ಟ್ಯೂನ್, ಸ್ವಿಂಗ್ ಮತ್ತು ಜ್ಯಾಝ್: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಂಡೊಲಿನ್ ಹಿಡಿದು ಕೆಲವು ತಿಂಗಳಾಗಿದೆ, ಶ್ರುತಿ ಮಾಡಲು ಬರುತ್ತದೆ, ನಾಲ್ಕಾರು ಕಾರ್ಡ್ ಕೈಗೆ ಕೂತಿವೆ, ಆದರೆ ಮುಂದಕ್ಕೆ ಏನು ಹಿಡಿಯಬೇಕೆಂದು ತಿಳಿಯುತ್ತಿಲ್ಲ ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಫಿಡಲ್ ಟ್ಯೂನ್ (ಫಿಡಲ್ ಅಂದರೆ ಜನಪದ ಶೈಲಿಯಲ್ಲಿ ನುಡಿಸುವ ವಯಲಿನ್, ಅದರ ಚಿಕ್ಕ ಚಿಕ್ಕ ಮಟ್ಟುಗಳೇ ಟ್ಯೂನ್) ಒಂದು ವಿದ್ಯೆ, ಜ್ಯಾಝ್ ಇನ್ನೊಂದು ವಿದ್ಯೆ ಎಂದು ನಾನು ನಂಬುವುದಿಲ್ಲ. ಒಂದು ಟ್ಯೂನನ್ನು ಅದರ ಕಾರ್ಡ್‌ಗಳ ಸಮೇತ ಒಳಹೊಕ್ಕು ಕಲಿತವರು ಜ್ಯಾಝಿನ ಅರ್ಧ ದಾರಿ ಆಗಲೇ ನಡೆದಿರುತ್ತಾರೆ. ಕೆಳಗಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಮೊದಲು ಯಾವುದು? ಫಿಡಲ್ ಟ್ಯೂನೋ, ಜ್ಯಾಝೋ?

ಫಿಡಲ್ ಟ್ಯೂನ್. ಜ್ಯಾಝ್ ಕಷ್ಟ, ಟ್ಯೂನ್ ಸುಲಭ ಅನ್ನುವ ಕಾರಣಕ್ಕಲ್ಲ. ಒಳ್ಳೆಯ ವೇಗದಲ್ಲಿ ಒಂದು ರೀಲ್ (ವೇಗದ ಕುಣಿತದ ಟ್ಯೂನ್) ನುಡಿಸುವುದು ಯಾವ ಜ್ಯಾಝ್ ಸೋಲೋಗೂ ಕಡಿಮೆಯಲ್ಲ. ಆದರೆ ಟ್ಯೂನಿನ ಆಕಾರ ಚಿಕ್ಕದು, ಕಣ್ಣಿಗೆ ಕಾಣುವಂಥದ್ದು. ಬಹುತೇಕ ಟ್ಯೂನ್‌ಗಳಲ್ಲಿ 8 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಆವರ್ತ) ಎ ಭಾಗ, 8 ಬಾರ್‌ಗಳ ಬಿ ಭಾಗ, ಎರಡನ್ನೂ ಎರಡೆರಡು ಸಲ ನುಡಿಸಿದರೆ 32 ಬಾರ್. ಜ್ಯಾಝಿನ ಹಳೆಯ ಹಾಡುಗಳಲ್ಲೂ ಹೆಚ್ಚಿನವು 32 ಬಾರ್‌ಗಳವೇ, ಜೋಡಣೆ ಮಾತ್ರ ಬೇರೆ: ಅಲ್ಲಿ ಎ ಎ ಬಿ ಎ. ಟ್ಯೂನ್‌ಗಳನ್ನು ನುಡಿಸುತ್ತಾ ನುಡಿಸುತ್ತಾ 8 ಬಾರ್ ಎಷ್ಟು ಉದ್ದ ಅನ್ನುವುದು ಎಣಿಸದೆಯೇ ಮೈಗೆ ತಿಳಿಯುತ್ತದೆ. ಸೋಲೋ ನುಡಿಸುವಾಗ ಎಲ್ಲಿದ್ದೇನೆಂದು ಕಳೆದುಹೋಗುವವರು ಸಾಮಾನ್ಯವಾಗಿ ಈ ಹಂತವನ್ನು ಹಾರಿ ಬಂದವರು.

ಫಿಡಲ್‌ಗೆಂದು ಹುಟ್ಟಿದ ಟ್ಯೂನ್ ಮ್ಯಾಂಡೊಲಿನ್‌ಗೆ ಹೊಂದುತ್ತದೆಯೇ?

ಚೆನ್ನಾಗಿಯೇ ಹೊಂದುತ್ತದೆ. ಎರಡೂ ವಾದ್ಯಗಳ ಶ್ರುತಿ ಒಂದೇ: ಕೆಳಗಿನಿಂದ ಜಿ, ಡಿ, ಎ, ಇ. ಫಿಡಲ್‌ನಲ್ಲಿ ನಾಲ್ಕು ತಂತಿ, ನಮ್ಮಲ್ಲಿ ನಾಲ್ಕು ಜೋಡಿ, ಒಟ್ಟು ಎಂಟು. ಫಿಡಲ್ ವಾದಕರ ಬೆರಳಿಗೆ ಸುಲಭವಾದದ್ದು ನಮ್ಮ ಬೆರಳಿಗೂ ಸುಲಭ. ಡಿ, ಎ, ಜಿ ಕೀಗಳಲ್ಲಿ ಇಷ್ಟೊಂದು ಟ್ಯೂನ್ ಇರುವುದಕ್ಕೆ ಕಾರಣವೂ ತೆರೆದ ತಂತಿಗಳೇ.

ಒಂದು ಸಣ್ಣ ಪರೀಕ್ಷೆ ಮಾಡಿ. ಡಿ ತಂತಿಯಲ್ಲಿ ತೆರೆದ ತಂತಿ, 2, 4, 5ನೇ ಫ್ರೆಟ್ ನುಡಿಸಿ. ಎ ತಂತಿಗೆ ಹೋಗಿ ಅದನ್ನೇ ಮತ್ತೆ ನುಡಿಸಿ. ಡಿ ಮೇಜರ್ ಸ್ಕೇಲ್ ಪೂರ್ತಿಯಾಯಿತು. ಇದನ್ನೇ ಜಿ ಮತ್ತು ಡಿ ತಂತಿಗಳಲ್ಲಿ ನುಡಿಸಿದರೆ ಜಿ ಮೇಜರ್, ಎ ಮತ್ತು ಇ ತಂತಿಗಳಲ್ಲಿ ನುಡಿಸಿದರೆ ಎ ಮೇಜರ್. ಎಲ್ಲ ತಂತಿಗಳ ನಡುವೆಯೂ ಅಂತರ ಒಂದೇ ಆಗಿರುವುದರಿಂದ ಒಂದು ಆಕಾರ ಕಲಿತರೆ ಅದು ಎಲ್ಲೆಡೆ ನಡೆಯುತ್ತದೆ. ಗಿಟಾರಿನಲ್ಲಿ ಬಿ ತಂತಿ ಬಂದಾಗ ಈ ಲೆಕ್ಕ ತಪ್ಪುತ್ತದೆ. ಇಲ್ಲಿ ಎಲ್ಲೂ ತಪ್ಪುವುದಿಲ್ಲ.

ಹೊಂದದಿರುವುದು ಒಂದೇ, ಕಮಾನು. ಫಿಡಲ್‌ನಲ್ಲಿ ಒಂದೇ ಎಳೆತದಲ್ಲಿ ಮೂರು ನಾಲ್ಕು ಸ್ವರಗಳು ಜಾರಿಕೊಂಡು ಬರುತ್ತವೆ. ನಾವು ಹೆಚ್ಚಿನ ಸ್ವರಗಳನ್ನು ಒಂದೊಂದಾಗಿ ಮೀಟಬೇಕು. ಕೆಲವನ್ನು ಮೀಟದೆ ಎಡಗೈ ಬೆರಳನ್ನು ಬಡಿದು, ಕಿತ್ತು, ಜಾರಿಸಿ (ಹ್ಯಾಮರ್-ಆನ್, ಪುಲ್-ಆಫ್, ಸ್ಲೈಡ್) ತರಬಹುದು. ಆದರೆ ಕಮಾನಿನ ಪ್ರತಿ ಎಳೆತವನ್ನೂ ಅನುಕರಿಸಲು ಹೋಗಬೇಡಿ. ಟ್ಯೂನಿನ ಒತ್ತುಗಳು ಎಲ್ಲಿ ಬೀಳುತ್ತವೆಂದು ಕೇಳಿಸಿಕೊಳ್ಳಿ, ಅವನ್ನು ಉಳಿಸಿಕೊಳ್ಳಿ, ಅಷ್ಟು ಸಾಕು.

ಎಂಥ ಮ್ಯಾಂಡೊಲಿನ್ ಬೇಕು?

ಫ್ರೆಟ್‌ಗಳು ಸರಿಯಾಗಿರುವ, ತಂತಿಗಳು ಹಲಗೆಯಿಂದ ಬಹಳ ಎತ್ತರದಲ್ಲಿಲ್ಲದ ಯಾವುದಾದರೂ ಆದೀತು. ಎಫ್-ಸ್ಟೈಲ್ ಮಾದರಿಯ ಮೈ ಮೇಲಿನ ಸುರುಳಿ ನೋಡಲು ಚೆಂದ, ನಾದಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಕಾರವಿಲ್ಲ. ಅದೇ ಗುಣಮಟ್ಟದ, ಸುರುಳಿಯಿಲ್ಲದ ಎ-ಸ್ಟೈಲ್ ಕಡಿಮೆ ಬೆಲೆಗೆ ಸಿಗುತ್ತದೆ. ನಾದದ ರಂಧ್ರದ ಆಕಾರ ಮಾತ್ರ ಕಿವಿಗೆ ತಿಳಿಯುವ ವಿಷಯ. ಅಂಡಾಕಾರದ ರಂಧ್ರವಿದ್ದರೆ ಧ್ವನಿ ದುಂಡಗೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಫಿಡಲ್‌ನಂತೆ ಎಫ್ ಆಕಾರದ ರಂಧ್ರಗಳಿದ್ದರೆ ಧ್ವನಿ ಒಣಗಿದಂತೆ, ಚುರುಕಾಗಿ ಮುಂದೆ ಬರುತ್ತದೆ. ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ 1922ರಿಂದ 1924ರವರೆಗೆ ರೂಪಿಸಿದ ಎಫ್-5 ಮ್ಯಾಂಡೊಲಿನ್‌ಗಳಲ್ಲಿ ಈ ಎರಡನೆಯ ವಿನ್ಯಾಸ ಬಂತು. ಅವುಗಳಲ್ಲೊಂದು, 1923ರದ್ದು, ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಕೈಗೆ ಸೇರಿದ ಮೇಲೆ ಬ್ಲೂಗ್ರಾಸ್‌ನ (ಅಮೆರಿಕದ ತಂತಿವಾದ್ಯಗಳ ಒಂದು ಶೈಲಿ) ಧ್ವನಿಯೇ ಅದು ಎಂಬಂತಾಯಿತು.

ಹೊಸ ವಾದ್ಯಕ್ಕೆ ಹಣ ಸುರಿಯುವ ಮೊದಲು ಇರುವುದನ್ನು ಒಮ್ಮೆ ವಾದ್ಯ ರಿಪೇರಿ ಬಲ್ಲವರ ಹತ್ತಿರ ಸೆಟಪ್ ಮಾಡಿಸಿ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಸುಮಾರು ಒಂದೂವರೆ ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಇನ್ನೊಂದನ್ನು ನೀವೇ ನೋಡಬಹುದು: ಮ್ಯಾಂಡೊಲಿನ್‌ನ ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್) ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ಅದು ನಿಂತಿರುತ್ತದೆ, ಹಾಗಾಗಿ ಸರಿದುಬಿಡುತ್ತದೆ. 12ನೇ ಫ್ರೆಟ್ ಮೇಲೆ ತಂತಿಯನ್ನು ಬರೀ ಮುಟ್ಟಿ ಹಾರ್ಮೋನಿಕ್ ನುಡಿಸಿ, ನಂತರ ಅದೇ ಫ್ರೆಟ್ಟನ್ನು ಒತ್ತಿ ನುಡಿಸಿ. ಎರಡೂ ಒಂದೇ ಶ್ರುತಿಯಲ್ಲಿರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ (ಫ್ರೆಟ್‌ಗಳಿಂದ ದೂರ), ಇಳಿದಿದ್ದರೆ ಮುಂದಕ್ಕೆ ಸರಿಸಿ. ತಂತಿಗಳನ್ನು ಎಲ್ಲ ಒಟ್ಟಿಗೆ ಬಿಚ್ಚಿದರೆ ಕುದುರೆ ಬಿದ್ದುಹೋಗುತ್ತದೆ. ಹೊಸ ತಂತಿ ಹಾಕುವಾಗ ಒಂದೊಂದಾಗಿ ಬದಲಿಸಿ.

ಪಿಕ್ ಎಷ್ಟು ದಪ್ಪ ಇರಬೇಕು?

ಗಿಟಾರಿನ ತೆಳು ಪಿಕ್ ಬೇಡ. ಜೋಡಿ ತಂತಿಗೆ ಅದು ಬಾಗಿ, ಪಟಪಟ ಸದ್ದು ಮಾತ್ರ ಬರುತ್ತದೆ. 1.2ರಿಂದ 1.5 ಮಿಲಿಮೀಟರ್ ದಪ್ಪದ್ದು, ತುದಿ ಸ್ವಲ್ಪ ದುಂಡಗಿರುವುದು ಜ್ಯಾಝಿಗೂ ಟ್ಯೂನ್‌ಗಳಿಗೂ ನಡೆಯುತ್ತದೆ. ದಪ್ಪ ಪಿಕ್ಕನ್ನು ಸಡಿಲವಾಗಿ ಹಿಡಿಯಿರಿ. ಹೆಚ್ಚಿನವರು ಮಾಡುವುದು ಇದರ ತದ್ವಿರುದ್ಧ.

ಗಿಟಾರ್ ಬರುತ್ತದೆ. ಒಂದು ಫ್ರೆಟ್‌ಗೆ ಒಂದು ಬೆರಳು ಸಾಕಲ್ಲವೇ?

ಸಾಲದು. ಇಲ್ಲಿ ಫ್ರೆಟ್‌ಗಳು ಹತ್ತಿರ ಹತ್ತಿರ, ಆದರೆ ಒಂದು ತಂತಿಯಿಂದ ಮುಂದಿನ ತಂತಿಗೆ ಏಳು ಫ್ರೆಟ್‌ಗಳ ದೂರ. ಆದ್ದರಿಂದ ಫಿಡಲ್ ಪದ್ಧತಿ: ಒಂದು ಬೆರಳಿಗೆ ಹೆಚ್ಚುಕಡಿಮೆ ಎರಡು ಫ್ರೆಟ್. ತೋರುಬೆರಳು 1 ಮತ್ತು 2ಕ್ಕೆ, ನಡುಬೆರಳು 3 ಮತ್ತು 4ಕ್ಕೆ, ಉಂಗುರಬೆರಳು 5 ಮತ್ತು 6ಕ್ಕೆ, ಕಿರುಬೆರಳು 7ಕ್ಕೆ. ಕೈಯನ್ನು ಗಿಟಾರಿನಂತೆ ಫ್ರೆಟ್‌ಗೆ ಸಮಾನಾಂತರವಾಗಿ ಇಡದೆ ಸ್ವಲ್ಪ ಓರೆಯಾಗಿ, ಬೆರಳ ತುದಿಗಳು ಹಿಂದಕ್ಕೆ ವಾಲುವಂತೆ ಇಟ್ಟರೆ ಚಾಚು ತಾನಾಗಿಯೇ ಸಿಗುತ್ತದೆ. ಕಿರುಬೆರಳನ್ನು ಮೊದಲ ದಿನದಿಂದಲೇ ದುಡಿಸಿ. ತೆರೆದ ಎ ತಂತಿ ಇರುವಾಗ ಡಿ ತಂತಿಯ 7ನೇ ಫ್ರೆಟ್ ಯಾಕೆ ಅನ್ನಿಸಬಹುದು. ತೆರೆದ ತಂತಿಗಳೇ ಸಿಗದ ಕೀ ಬಂದಾಗ ಯಾಕೆಂದು ಗೊತ್ತಾಗುತ್ತದೆ.

ಪಿಕ್ ಮೇಲೆ ಕೆಳಗೆ ಆಡಿಸುವುದಕ್ಕೆ ನಿಯಮವಿದೆಯೇ?

ಇದೆ, ಮತ್ತು ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ವಿಷಯವಿಲ್ಲ. ತಪ್ಪು ಸ್ವರ ನುಡಿಸಿದರೆ ಜನ ಕ್ಷಮಿಸುತ್ತಾರೆ, ಲಯ ಮುರಿದರೆ ಎದ್ದು ಹೋಗುತ್ತಾರೆ. ಲಯ ಇರುವುದು ಬಲಗೈಯಲ್ಲಿ.

ರೀಲ್‌ಗಳಲ್ಲಿ ಬಾರ್‌ಗೆ ಎಂಟು ಸ್ವರಗಳೆಂದುಕೊಳ್ಳಿ. ಬೀಟ್ ಮೇಲೆ ಬೀಳುವ ಸ್ವರಕ್ಕೆ ಕೆಳಹೊಡೆತ, ಬೀಟ್‌ಗಳ ನಡುವೆ ಬರುವ ಸ್ವರಕ್ಕೆ ಮೇಲ್ಹೊಡೆತ. ಇದು ಸ್ವರ ಎಷ್ಟನೆಯದು ಅನ್ನುವುದರ ಮೇಲಲ್ಲ, ಬಾರ್‌ನಲ್ಲಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ ನಿಂತಿದೆ. ಒಂದು ಕಾಲು ಸ್ವರ (ಪೂರ್ತಿ ಬೀಟ್‌ನದ್ದು), ಆಮೇಲೆ ಎರಡು ಅರೆಕಾಲು ಸ್ವರಗಳು (ಅರ್ಧ ಬೀಟ್‌ನವು) ಬಂದರೆ ಹೊಡೆತ: ಕೆಳಗೆ, ಕೆಳಗೆ-ಮೇಲೆ. ಮೊದಲ ಎರಡು ಕೆಳಹೊಡೆತಗಳ ನಡುವೆ ಕೈ ಮೇಲಕ್ಕೆ ಹೋಗಿಯೇ ಹೋಗುತ್ತದೆ, ತಂತಿಗೆ ತಾಗುವುದಿಲ್ಲ ಅಷ್ಟೇ. ಕೈ ಗಡಿಯಾರದ ಲೋಲಕದಂತೆ ನಿಲ್ಲದೆ ಆಡುತ್ತಿರಬೇಕು. ಸ್ವರ ಇದ್ದಾಗ ತಾಗುತ್ತದೆ, ಇಲ್ಲದಾಗ ಗಾಳಿಯಲ್ಲಿ ಹೋಗುತ್ತದೆ. ಫಿಡಲ್ ವಾದಕರ ಶಫಲ್ ಕಮಾನಿನ ಮೂಲ ಲಯವೂ ಇದೇ ಉದ್ದ-ಗಿಡ್ಡ-ಗಿಡ್ಡ. ಅವರ ಜೊತೆ ಕೂತಾಗ ಎರಡು ಕೈಗಳೂ ಒಂದೇ ನಡೆಯಲ್ಲಿ ಹೋಗುತ್ತಿರುವುದು ಗೊತ್ತಾಗುತ್ತದೆ.

ಜಿಗ್‌ಗಳು ಬೇರೆ. ಅವು 6/8ರಲ್ಲಿವೆ, ಮೂರು ಮೂರರ ಎರಡು ಗುಂಪು. ಅಲ್ಲಿ ಕೆಳಗೆ-ಮೇಲೆ-ಕೆಳಗೆ, ಕೆಳಗೆ-ಮೇಲೆ-ಕೆಳಗೆ. ಗುಂಪಿನ ಕೊನೆಗೂ ಮುಂದಿನ ಗುಂಪಿನ ಮೊದಲಿಗೂ ಒಂದರ ಹಿಂದೊಂದು ಎರಡು ಕೆಳಹೊಡೆತ ಬೀಳುತ್ತದೆ. ಶುರುವಿನಲ್ಲಿ ಇದು ಕೈಗೆ ವಿಚಿತ್ರ. ಮೇಲೆ-ಕೆಳಗೆಯನ್ನೇ ಮುಂದುವರಿಸಿ ನುಡಿಸುವವರೂ ಇದ್ದಾರೆ, ಆದರೆ ಆಗ ಎರಡನೇ ಗುಂಪಿನ ಒತ್ತು ಮೇಲ್ಹೊಡೆತಕ್ಕೆ ಬಂದು ಬಲ ಕಳೆದುಕೊಳ್ಳುತ್ತದೆ. ಮೊದಲ ಪದ್ಧತಿಗೇ ನನ್ನ ಮತ.

ಸ್ವಿಂಗ್‌ಗೆ (ಜ್ಯಾಝಿನ ತೂಗುವ ಲಯ, ಅದರ ಮಾತು ಮುಂದೆ ಬರುತ್ತದೆ) ಬಂದಾಗ ರೀಲ್‌ನ ನಿಯಮವೇ ಉಳಿಯುತ್ತದೆ. ಕೈ ಹೊಸದನ್ನು ಕಲಿಯಬೇಕಿಲ್ಲ.

ಯಾವ ಟ್ಯೂನ್‌ಗಳಿಂದ ಶುರುಮಾಡಲಿ?

ಒಂದೊಂದೂ ಒಂದೊಂದು ಪಾಠ ಕಲಿಸುವಂತೆ ಆರಿಸಿಕೊಳ್ಳಿ. ನನ್ನ ಪಟ್ಟಿ ಚಿಕ್ಕದು.

‘ಏಂಜಲೀನ್ ದ ಬೇಕರ್’ ಡಿಯಲ್ಲಿದೆ, ಐದೇ ಸ್ವರಗಳಲ್ಲಿ ಬಹುಪಾಲು ಮುಗಿಯುತ್ತದೆ. ಸ್ಟೀಫನ್ ಫಾಸ್ಟರ್ 1850ರಲ್ಲಿ ಪ್ರಕಟಿಸಿದ ಹಾಡೊಂದು ಬಾಯಿಂದ ಬಾಯಿಗೆ ದಾಟಿ ಈ ರೂಪಕ್ಕೆ ಬಂದಿದೆ. ಬಲಗೈಯನ್ನು ಪಳಗಿಸಲು ಇದಕ್ಕಿಂತ ಒಳ್ಳೆಯದಿಲ್ಲ.

‘ಸೋಲ್ಜರ್ಸ್ ಜಾಯ್’ ಕೂಡ ಡಿಯಲ್ಲಿದೆ, 18ನೇ ಶತಮಾನದಿಂದ ನುಡಿಸುತ್ತಾ ಬಂದಿರುವ ಟ್ಯೂನ್. ಇದರ ಎ ಭಾಗವನ್ನು ಹೆಚ್ಚುಕಡಿಮೆ ಡಿ ಕಾರ್ಡಿನ ಸ್ವರಗಳ ಮೇಲೇ ಕಟ್ಟಿದೆ. ಟ್ಯೂನ್ ನುಡಿಸುತ್ತಿದ್ದೇನೆ ಅಂದುಕೊಳ್ಳುತ್ತಲೇ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಅಭ್ಯಾಸವಾಗಿರುತ್ತದೆ.

‘ಓಲ್ಡ್ ಜೋ ಕ್ಲಾರ್ಕ್’ ಎ ಕೀಯಲ್ಲಿದೆ, ಆದರೆ ಅದರಲ್ಲಿ ಜಿ ಶಾರ್ಪ್ ಬದಲು ಜಿ ಬರುತ್ತದೆ, ಅಂದರೆ ಮಿಕ್ಸೋಲಿಡಿಯನ್ ಎಂಬ ಸ್ಕೇಲ್. ಆ ಇಳಿದ ಏಳನೆಯ ಸ್ವರದ ರುಚಿ ಕಿವಿಗೆ ಹತ್ತಿದರೆ ಮುಂದೆ ಡಿ7, ಜಿ7ನಂಥ ಡಾಮಿನೆಂಟ್ ಸೆವೆನ್ತ್ ಕಾರ್ಡ್‌ಗಳು ಪರಿಚಿತರಂತೆ ಎದುರಾಗುತ್ತವೆ.

‘ಬ್ಲ್ಯಾಕ್‌ಬೆರಿ ಬ್ಲಾಸಮ್’ ಜಿಯಲ್ಲಿದೆ. ಎ ಭಾಗದಲ್ಲಿ ಬಾರ್‌ಗೆ ಎರಡು ಸಲ ಕಾರ್ಡ್ ಬದಲಾಗುತ್ತದೆ, ಬಿ ಭಾಗ ಇ ಮೈನರ್‌ಗೆ ವಾಲುತ್ತದೆ. ಕಾರ್ಡ್‌ಗಳು ಓಡುತ್ತಿರುವಾಗ ಅವುಗಳ ಹಿಂದೆ ಓಡುವುದು ಹೇಗೆಂದು ಕಲಿಸುವುದರಿಂದ ನಾಲ್ಕರಲ್ಲಿ ಜ್ಯಾಝಿಗೆ ತೀರ ಹತ್ತಿರದ್ದು ಇದೇ.

ಇವಿಷ್ಟನ್ನೂ ನಿದ್ದೆಯಲ್ಲಿ ಎಬ್ಬಿಸಿದರೂ ನುಡಿಸುವಂತಾದ ಮೇಲೆ ಐದನೆಯದಕ್ಕೆ ಕೈಹಾಕಿ. ನಲವತ್ತು ಟ್ಯೂನ್‌ಗಳ ಮೊದಲ ನಾಲ್ಕು ಬಾರ್ ಬರುವವರನ್ನು ಎಲ್ಲ ಕಡೆಯೂ ಕಾಣಬಹುದು.

ಕಿವಿಯಿಂದ ಕಲಿಯಬೇಕೋ, ಬರೆದದ್ದನ್ನು ನೋಡಿಯೋ?

ಎರಡೂ ಬೇಕು, ಆದರೆ ಕಿವಿ ಮುಂದಿರಲಿ. ಮೊದಲು ಟ್ಯೂನನ್ನು ಗುನುಗಲು ಬರಬೇಕು. ಗುನುಗಲು ಬಾರದ್ದು ಬೆರಳಿಗೆ ಬಂದರೂ ಅದು ಬೆರಳಿಗೆ ಮಾತ್ರ ಗೊತ್ತಿರುತ್ತದೆ. ಧ್ವನಿಮುದ್ರಿಕೆಯನ್ನು ಶ್ರುತಿ ಕೆಡದಂತೆ ನಿಧಾನಿಸುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಎರಡೆರಡು ಬಾರ್ ತೆಗೆದುಕೊಂಡು ಹುಡುಕಿ.

ಟ್ಯಾಬ್‌ನಲ್ಲಿ (ತಂತಿಗಳ ಗೆರೆಗಳ ಮೇಲೆ ಫ್ರೆಟ್ ಸಂಖ್ಯೆ ಬರೆಯುವ ಪದ್ಧತಿ) ಯಾವ ಫ್ರೆಟ್ ಎಂದು ಸಿಗುತ್ತದೆ, ಯಾವ ಸ್ವರ ಎಂದು ಸಿಗುವುದಿಲ್ಲ. ಜ್ಯಾಝ್ ಕಡೆಗೆ ಹೊರಟವರಿಗೆ ಎರಡನೆಯದೇ ಬೇಕು: ಈಗ ನುಡಿಸಿದ್ದು ಆ ಕಾರ್ಡಿನ ಮೂರನೆಯ ಸ್ವರವೋ ಏಳನೆಯದೋ? ಹಾಗಾಗಿ ಐದು ಗೆರೆಗಳ ಸ್ಟಾಫ್ ನೊಟೇಶನ್ ನಿಧಾನವಾಗಿಯಾದರೂ ಓದಲು ಕಲಿಯಿರಿ. ವಯಲಿನ್‌ಗೆ ಬರೆದ ಏನನ್ನೇ ಆದರೂ ಹಾಗೇ ಎತ್ತಿಕೊಂಡು ನುಡಿಸಬಹುದು ಅನ್ನುವುದು ಇದರ ದೊಡ್ಡ ಲಾಭ.

ವೇಗ ಬರುತ್ತಿಲ್ಲ. ಏನು ಮಾಡಲಿ?

ಎಡಗೈ ಬೆರಳುಗಳನ್ನು ನೋಡಿಕೊಳ್ಳಿ. ತಂತಿಯಿಂದ ಎಷ್ಟು ಮೇಲಕ್ಕೆ ಹಾರುತ್ತಿವೆ? ಅರ್ಧ ಇಂಚು ಹಾರುವ ಬೆರಳು ಅಷ್ಟೇ ದೂರ ಮರಳಿ ಬರಬೇಕು. ಆಮೇಲೆ ಬಲಗೈ: ಪಿಕ್‌ನ ತುದಿ ತಂತಿಯಿಂದ ಎಷ್ಟು ಆಳಕ್ಕೆ ಇಳಿಯುತ್ತಿದೆ? ಎರಡನ್ನೂ ಚಿಕ್ಕದು ಮಾಡಿ. ಮೆಟ್ರೊನೋಮ್ ವೇಗವನ್ನು ದಿನಕ್ಕಿಷ್ಟು ಎಂದು ಏರಿಸುತ್ತಾ ಹೋಗುವ ಪದ್ಧತಿಗಿಂತ, ಹಿತವಾದ ವೇಗದಲ್ಲಿ ಹತ್ತು ನಿಮಿಷ ಸಡಿಲವಾಗಿ ನುಡಿಸಿ, ಒಂದೆರಡು ಸಲ ಕೈಮೀರಿದ ವೇಗದಲ್ಲಿ ಹಾರಿ ನೋಡಿ, ಮತ್ತೆ ಇಳಿಯುವುದು ನನಗೆ ಹೆಚ್ಚು ಫಲ ಕೊಟ್ಟಿದೆ. ಮೊಣಕೈ, ಭುಜ ಬಿಗಿದುಕೊಂಡರೆ ಅಲ್ಲಿಗೆ ನಿಲ್ಲಿಸಿ.

ಸ್ವಿಂಗ್ ಅಂದರೆ ನಿಜಕ್ಕೂ ಏನು?

ಬೀಟನ್ನು ಎರಡಾಗಿ ಒಡೆದಾಗ ಎರಡೂ ಅರ್ಧಗಳು ಸಮವಾಗಿರದೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಮಧ್ಯಮ ವೇಗದಲ್ಲಿ ಹೆಚ್ಚುಕಡಿಮೆ ಎರಡಕ್ಕೆ ಒಂದು, ಅಂದರೆ ಬೀಟನ್ನು ಮೂರಾಗಿ ಒಡೆದು ಮೊದಲ ಎರಡನ್ನು ಅಂಟಿಸಿದಂತೆ. ವೇಗ ಏರಿದಂತೆಲ್ಲ ಈ ಅಸಮತೆ ಕರಗುತ್ತಾ ಬಂದು, ಬಹಳ ವೇಗದಲ್ಲಿ ಎರಡೂ ಸಮವೇ ಆಗಿಬಿಡುತ್ತವೆ. ವೇಗದ ಹಾಡಿನಲ್ಲೂ ಎರಡಕ್ಕೊಂದರಂತೆ ಕುಂಟುತ್ತಾ ನುಡಿಸಿದರೆ ತಮಾಷೆಯಾಗಿ ಕೇಳುತ್ತದೆ.

ಇನ್ನೊಂದು ಅರ್ಧ ಒತ್ತಿನಲ್ಲಿದೆ. ಮೆಟ್ರೊನೋಮನ್ನು ಅರ್ಧ ವೇಗಕ್ಕೆ ಇಟ್ಟು, ಅದರ ಟಿಕ್ 2 ಮತ್ತು 4ನೇ ಬೀಟ್‌ಗಳೆಂದು ಭಾವಿಸಿ ನುಡಿಸಿ. ಮೊದಲು ತಲೆ ಗಿರ್ರೆನ್ನುತ್ತದೆ, ಟಿಕ್ ಹೇಗೋ 1 ಮತ್ತು 3ಕ್ಕೆ ತಿರುಗಿಬಿಡುತ್ತದೆ. ಬಿಡದೆ ಹಿಡಿದರೆ ಒಂದು ಹಂತದಲ್ಲಿ ಕೂತುಕೊಳ್ಳುತ್ತದೆ. ಗೊತ್ತಿರುವ ‘ಏಂಜಲೀನ್’ ಟ್ಯೂನನ್ನೇ ಹೀಗೆ ಸ್ವಿಂಗ್ ಮಾಡಿ ನುಡಿಸಿ. ಹೊಸ ಹಾಡು ಬೇಡ. ಸ್ವರಗಳ ಚಿಂತೆ ಇಲ್ಲದಿದ್ದಾಗ ಮಾತ್ರ ಲಯದ ಕಡೆ ಮನಸ್ಸು ಹೋಗುತ್ತದೆ.

ಟೆಕ್ಸಸ್‌ನ ಫಿಡಲ್ ವಾದಕ ಬಾಬ್ ವಿಲ್ಸ್ ಮಾಡಿದ್ದೂ ಇದನ್ನೇ. ಮನೆತನದಿಂದ ಬಂದ ಫಿಡಲ್ ಟ್ಯೂನ್‌ಗಳ ಪಕ್ಕಕ್ಕೆ ಡ್ರಮ್ಸ್, ಹಾರ್ನ್ (ಊದುವ ವಾದ್ಯಗಳು), ಸ್ಟೀಲ್ ಗಿಟಾರ್ ತಂದು ಕೂಡಿಸಿದ. 1930ರ ದಶಕದಲ್ಲಿ ಹೀಗೆ ಬೆಳೆದದ್ದೇ ವೆಸ್ಟರ್ನ್ ಸ್ವಿಂಗ್. ಟೆಕ್ಸಸ್‌ನ ಫಿಡಲ್ ಸ್ಪರ್ಧೆಗಳಲ್ಲಿ ಇವತ್ತಿಗೂ ಹಳೆಯ ಟ್ಯೂನ್‌ಗಳ ಹಿಂದೆ ಗಿಟಾರ್‌ನವರು ಬೀಟ್‌ಗೊಂದು ಜ್ಯಾಝ್ ಕಾರ್ಡ್ ಹಾಕುತ್ತಾರೆ.

ಬ್ಲೂಗ್ರಾಸ್‌ನ ಚಾಪ್ ಕಾರ್ಡ್‌ಗಳು ಜ್ಯಾಝಿಗೆ ನಡೆಯುತ್ತವೆಯೇ?

ಅಷ್ಟಾಗಿ ಇಲ್ಲ. ಜಿಯ ಚಾಪ್ ಕಾರ್ಡ್ 7-5-2-3 (ಜಿ ತಂತಿಯಿಂದ ಇ ತಂತಿಯವರೆಗೆ ಕ್ರಮವಾಗಿ ಫ್ರೆಟ್‌ಗಳು) ನಾಲ್ಕು ಜೋಡಿಗಳನ್ನೂ ಬಳಸುತ್ತದೆ, ಹಿಡಿದು ಬಿಟ್ಟಾಗ ಸ್ನೇರ್ ಡ್ರಮ್ಮಿನ ಏಟಿನಂತೆ ಕೇಳುತ್ತದೆ, ಆಫ್‌ಬೀಟ್‌ಗಳಲ್ಲಿ ಮಾತ್ರ ಬೀಳುತ್ತದೆ. ಸ್ವಿಂಗ್‌ನಲ್ಲಿ ಬೀಟ್‌ಗೊಂದರಂತೆ ಬಾರ್‌ಗೆ ನಾಲ್ಕು, 2 ಮತ್ತು 4 ಸ್ವಲ್ಪ ಜೋರು. ಕೌಂಟ್ ಬೇಸಿಯ ಜ್ಯಾಝ್ ಬ್ಯಾಂಡಿಗೆ 1937ರಲ್ಲಿ ಸೇರಿದ ಫ್ರೆಡ್ಡಿ ಗ್ರೀನ್ ದಶಕಗಟ್ಟಲೆ ಗಿಟಾರಿನಲ್ಲಿ ಇದೊಂದನ್ನೇ ಮಾಡಿದ, ಇಡೀ ಬ್ಯಾಂಡ್ ಅದರ ಮೇಲೆ ನಿಂತಿತ್ತು. ಅವನನ್ನು ಕೇಳಿಸಿಕೊಂಡು ಕೆಳಗಿನ ಮೂರು ಜೋಡಿ ತಂತಿಗಳಲ್ಲಿ ಮಾತ್ರ ಕಾರ್ಡ್ ಹಿಡಿಯಿರಿ. ಇ ತಂತಿಯನ್ನು ಬಿಟ್ಟರೆ ಧ್ವನಿ ತಾನಾಗಿ ಮಾಗುತ್ತದೆ.

ಜ್ಯಾಝ್ ಕಾರ್ಡ್‌ಗಳಲ್ಲಿ ಐದಾರು ಸ್ವರ ಇರುತ್ತವೆ. ನಮಗಿರುವುದು ನಾಲ್ಕೇ ಜೋಡಿ. ಹೇಗೆ?

ಎರಡೇ ಸ್ವರ ಸಾಕು. ಕಾರ್ಡಿನ ಮೂಲ ಸ್ವರವನ್ನು ಬಾಸ್ ನೋಡಿಕೊಳ್ಳುತ್ತದೆ. ಮೇಜರೋ ಮೈನರೋ ಎಂದು ಹೇಳುವುದು ಮೂರನೆಯ ಸ್ವರ, ಸೆವೆನ್ತ್ ಯಾವ ಬಗೆಯದು ಎಂದು ಹೇಳುವುದು ಏಳನೆಯ ಸ್ವರ. ಈ ಎರಡನ್ನು ಗೈಡ್ ಟೋನ್ ಅನ್ನುತ್ತಾರೆ.

ವಾದ್ಯ ಕೈಗೆ ತೆಗೆದುಕೊಳ್ಳಿ. ಜಿ ತಂತಿಯ 5ನೇ ಫ್ರೆಟ್, ಡಿ ತಂತಿಯ 4ನೇ ಫ್ರೆಟ್: ಸಿ ಮತ್ತು ಎಫ್ ಶಾರ್ಪ್, ಅಂದರೆ ಡಿ7ರ ಏಳನೆಯ ಮತ್ತು ಮೂರನೆಯ ಸ್ವರಗಳು. ಎರಡೂ ಬೆರಳುಗಳನ್ನು ಒಂದೊಂದು ಫ್ರೆಟ್ ಇಳಿಸಿ: 4 ಮತ್ತು 3. ಈಗ ಅದು ಜಿ7. ಮತ್ತೆ ಇಳಿಸಿ: 3 ಮತ್ತು 2, ಸಿ7. ಇನ್ನೊಮ್ಮೆ: 2 ಮತ್ತು 1, ಎಫ್7. ಬೆರಳುಗಳ ಆಕಾರ ಬದಲಾಗಲಿಲ್ಲ, ಒಳಗೆ ಮಾತ್ರ ಪ್ರತಿ ಸಲ ಮೂರನೆಯದು ಏಳನೆಯದಾಗಿ, ಏಳನೆಯದು ಮೂರನೆಯದಾಗಿ ಪಾತ್ರ ಬದಲಿಸುತ್ತಾ ಹೋಯಿತು. 1925ರ ‘ಸ್ವೀಟ್ ಜಾರ್ಜಿಯಾ ಬ್ರೌನ್’ ಎಫ್ ಕೀಯಲ್ಲಿ ಶುರುವಾಗುವುದು ಇದೇ ಸರಪಳಿಯಲ್ಲಿ: ಡಿ7, ಜಿ7, ಸಿ7, ಎಫ್, ಒಂದೊಂದೂ ನಾಲ್ಕು ಬಾರ್. ಹದಿನಾರು ಬಾರ್‌ಗಳ ಪಕ್ಕವಾದ್ಯ ಎರಡು ಬೆರಳಲ್ಲಿ ಸಿಕ್ಕಿತು.

ಇದು ಕೂತ ಮೇಲೆ ಎ ತಂತಿಯಲ್ಲಿ ಒಂದು ಸ್ವರ ಸೇರಿಸಿ. ಜಿ7ಗೆ 4-3-5, ಸಿ7ಗೆ 3-2-3, ಡಿ7ಗೆ 5-4-5. ಮುನ್ನೂರು ಕಾರ್ಡ್‌ಗಳ ಚಾರ್ಟ್ ಗೋಡೆಗೆ ಅಂಟಿಸುವ ಮೊದಲು ಈ ಮೂರನ್ನು ಎಲ್ಲ ಕಡೆಗೂ ಸರಿಸಿ ನೋಡಿ.

ಇಂಪ್ರೊವೈಸ್ ಮಾಡಲು (ಆ ಕ್ಷಣಕ್ಕೆ ಕಟ್ಟಿ ನುಡಿಸಲು) ಯಾವ ಸ್ಕೇಲ್ ಬಳಸಬೇಕು?

ಎಲ್ಲರೂ ಕೇಳುವುದು ಇದನ್ನೇ, ಆದರೆ ಸ್ಕೇಲ್‌ನಿಂದ ಶುರುಮಾಡಿದರೆ ಸೋಲೋ ಸ್ಕೇಲ್‌ನಂತೆಯೇ ಕೇಳುತ್ತದೆ. ಹಾಡಿನಿಂದ ಶುರುಮಾಡಿ. ಮೂಲ ಮಟ್ಟನ್ನು ನುಡಿಸಿ. ಎರಡನೇ ಸುತ್ತಿನಲ್ಲಿ ಕೆಲವು ಸ್ವರ ಬಿಡಿ, ಕೆಲವನ್ನು ತಡವಾಗಿ ತನ್ನಿ, ಒಂದನ್ನು ಎರಡು ಸಲ ನುಡಿಸಿ. ಫಿಡಲ್ ವಾದಕರು ಟ್ಯೂನನ್ನು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ತಿದ್ದುತ್ತಾ ಹೋಗುತ್ತಾರಲ್ಲ, ಅದೇ ಕೆಲಸ. ಜ್ಯಾಝಿನವರು ಅದನ್ನು ಇನ್ನೂ ದೂರ ಒಯ್ದರು.

ಆಮೇಲೆ ಕಾರ್ಡ್ ಬದಲಾಗುವ ಜಾಗಗಳನ್ನು ಹಿಡಿಯಿರಿ. ಜಾರ್ಜ್ ಗರ್ಶ್ವಿನ್‌ನ 1924ರ ‘ಲೇಡಿ ಬಿ ಗುಡ್’ ಹಾಡನ್ನು ಜಿ ಕೀಯಲ್ಲಿ ತೆಗೆದುಕೊಳ್ಳೋಣ. ಮೊದಲ ಬಾರ್ ಜಿ, ಎರಡನೆಯದು ಸಿ7, ಮೂರನೆಯದು ಮತ್ತೆ ಜಿ. ಜಿಯ ಮೂರನೆಯ ಸ್ವರ ಬಿ, ಎ ತಂತಿಯ 2ನೇ ಫ್ರೆಟ್. ಸಿ7ರ ಏಳನೆಯ ಸ್ವರ ಬಿ ಫ್ಲ್ಯಾಟ್, ಅದೇ ತಂತಿಯ 1ನೇ ಫ್ರೆಟ್. ಮೊದಲ ಬಾರ್‌ನಲ್ಲಿ ಏನಾದರೂ ನುಡಿಸಿ ಬಿ ಹತ್ತಿರ ಬನ್ನಿ, ಎರಡನೇ ಬಾರ್ ಬಡಿದ ಕೂಡಲೇ ಬಿ ಫ್ಲ್ಯಾಟ್‌ಗೆ ಇಳಿಯಿರಿ, ಮೂರನೆಯದಕ್ಕೆ ಮತ್ತೆ ಏರಿ. ಹಿನ್ನೆಲೆಯಲ್ಲಿ ಯಾರೂ ಕಾರ್ಡ್ ಹಾಕದಿದ್ದರೂ ಕಾರ್ಡ್ ಬದಲಾದದ್ದು ಕೇಳುಗರಿಗೆ ಕೇಳುತ್ತದೆ. ಒಂದು ಫ್ರೆಟ್‌ನ ಅಂತರ, ಅಷ್ಟೇ. ನೂರು ಸ್ವರಗಳ ಓಟಕ್ಕಿಂತ ಇದಕ್ಕೆ ಬೆಲೆ ಹೆಚ್ಚು.

ಮೂರನೆಯ ಹಂತದಲ್ಲಿ ಗುರಿಯ ಸ್ವರಕ್ಕೆ ದಾರಿ ಕಟ್ಟಿ. ಬಿ ಮೇಲೆ ಇಳಿಯಬೇಕೆಂದರೆ ಅದಕ್ಕೂ ಮೊದಲು 1ನೇ ಫ್ರೆಟ್ ಮುಟ್ಟಿ ಬನ್ನಿ. ಅಥವಾ ಎರಡೂ ಕಡೆಯಿಂದ ಸುತ್ತುವರಿಯಿರಿ: 3, 1, ಆಮೇಲೆ 2. ಗುರಿ ಬೀಟ್ ಮೇಲೆ ಬಿದ್ದರೆ ನಡುವಿನ ಸ್ವರ ಕೀಗೆ ಸೇರಿದ್ದಲ್ಲದಿದ್ದರೂ ಅದನ್ನು ಯಾರೂ ಅಪಸ್ವರ ಅನ್ನುವುದಿಲ್ಲ. ಗುರಿ ತಪ್ಪಿದರೆ ಎಲ್ಲ ಸರಿಯಾದ ಸ್ವರಗಳಿದ್ದೂ ಸೋಲೋ ತೇಲಾಡುತ್ತದೆ.

ಸ್ಕೇಲ್ ಬೇಡವೇ ಬೇಡ ಎಂದಲ್ಲ. ಗುರಿಗಳು ಗೊತ್ತಾದ ಮೇಲೆ ಅವುಗಳ ನಡುವಿನ ಜಾಗ ತುಂಬಲು ಬೇಕಾಗುತ್ತದೆ.

ಜ್ಯಾಝಿನವರು ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಅನ್ನುತ್ತಾರೆ. ಅಲ್ಲಿ ತೆರೆದ ತಂತಿ ಕಡಿಮೆ ಸಿಗುತ್ತದಲ್ಲ?

ಆ ಕೀಗಳು ಹಾರ್ನ್ ನುಡಿಸುವವರ ಅನುಕೂಲಕ್ಕೆ ಬಂದವು. ತೆರೆದ ತಂತಿ ಬಳಸದ ಆಕಾರವೊಂದು ಗೊತ್ತಿದ್ದರೆ ನಮಗೆ ಕಷ್ಟವೇನಿಲ್ಲ. ಜಿ ತಂತಿಯ 3ನೇ ಫ್ರೆಟ್ ಮೇಲೆ ತೋರುಬೆರಳಿಟ್ಟು ನಾಲ್ಕು ಬೆರಳುಗಳಿಂದ 3, 5, 7, 8. ಡಿ ತಂತಿಯಲ್ಲಿ ಮತ್ತೆ 3, 5, 7, 8. ಬಿ ಫ್ಲ್ಯಾಟ್ ಮೇಜರ್ ಮುಗಿಯಿತು. ಇಡೀ ಆಕಾರವನ್ನು ಮುಂದಿನ ಜೋಡಿಗೆ ಸರಿಸಿದರೆ ಎಫ್ ಮೇಜರ್, ಎರಡು ಫ್ರೆಟ್ ಮೇಲೆ ಸರಿಸಿದರೆ ಸಿ ಮೇಜರ್. ಕಿರುಬೆರಳನ್ನು ದುಡಿಸಿ ಎಂದು ಮೊದಲು ಹೇಳಿದ್ದು ಇದಕ್ಕೇ. ‘ಸೋಲ್ಜರ್ಸ್ ಜಾಯ್’ ಟ್ಯೂನನ್ನು ಬಿ ಫ್ಲ್ಯಾಟ್‌ನಲ್ಲಿ ನುಡಿಸಿ ನೋಡಿ. ಫಿಡಲ್‌ನವರು ಕಣ್ಣು ಬಿಡುತ್ತಾರೆ, ನಿಮ್ಮ ಕೈಗೆ ಮಾತ್ರ ಒಳ್ಳೆಯದು.

ಮ್ಯಾಂಡೊಲಿನ್‌ನ ಸ್ವರ ಬೇಗ ಸತ್ತುಹೋಗುತ್ತದೆ. ನಿಧಾನದ ಹಾಡುಗಳಿಗೆ ಏನು ಮಾಡುವುದು?

ಟ್ರೆಮೊಲೊ (ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ಮೀಟುವುದು) ಒಂದು ಉತ್ತರ, ಆದರೆ ಜ್ಯಾಝಿನಲ್ಲಿ ಉಪ್ಪಿನಷ್ಟೇ ಇರಲಿ. ಪ್ರತಿ ಉದ್ದ ಸ್ವರಕ್ಕೂ ಟ್ರೆಮೊಲೊ ಹಾಕಿದರೆ ಹಾಡು ಹಳೆಯ ಪೋಸ್ಟ್‌ಕಾರ್ಡಿನಂತಾಗುತ್ತದೆ. ಮಟ್ಟಿನ ಕೆಳಗೆ ಇನ್ನೊಂದು ತಂತಿಯ ಸ್ವರ ಸೇರಿಸಿ ಜೋಡಿಯಾಗಿ ನುಡಿಸುವುದು ಎರಡನೆಯ ದಾರಿ. ಮಟ್ಟಿನ ಸ್ವರ ಮೇಲೆ ಬರುವಂತೆ ಪೂರ್ತಿ ಕಾರ್ಡ್‌ಗಳಲ್ಲೇ ಹಾಡು ನುಡಿಸುವುದು ಮೂರನೆಯದು, ಮ್ಯಾಂಡೊಲಿನ್ ವಾದಕ ಜೆತ್ರೋ ಬರ್ನ್ಸ್‌ನ ಹೆಸರುವಾಸಿ ಶೈಲಿ. ನಾಲ್ಕನೆಯದು ಬಹಳ ಜನಕ್ಕೆ ಹೊಳೆಯುವುದಿಲ್ಲ: ಸ್ವರವನ್ನು ಸಾಯಲು ಬಿಟ್ಟು ಸುಮ್ಮನಿರುವುದು.

ಯಾರನ್ನು ಕೇಳಬೇಕು?

ಜೆತ್ರೋ ಬರ್ನ್ಸ್‌ನಿಂದ (1920–1989) ಶುರುಮಾಡಿ. ‘ಹೋಮರ್ ಅಂಡ್ ಜೆತ್ರೋ’ ಎಂಬ ಹಾಸ್ಯ ಜೋಡಿಯಲ್ಲಿ ಹಾಡುಗಳನ್ನು ಅಣಕಿಸುತ್ತಾ ಬದುಕು ಕಟ್ಟಿಕೊಂಡವನು, ನಡುನಡುವೆ ಮ್ಯಾಂಡೊಲಿನ್ ಎತ್ತಿಕೊಂಡರೆ ಶುದ್ಧ ಸ್ವಿಂಗ್. ಬಾಬ್ ವಿಲ್ಸ್ ಬ್ಯಾಂಡಿನ ಟೈನಿ ಮೂರ್‌ಗೆ ಪಾಲ್ ಬಿಗ್ಸ್‌ಬಿ 1952ರಲ್ಲಿ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಮಾಡಿಕೊಟ್ಟ. ಜೋಡಿ ತಂತಿಗಳಿಲ್ಲ, ಕೆಳಗೊಂದು ಸಿ ತಂತಿ ಸೇರಿದೆ; ಮೊದಲ ಸಲ ಕೇಳಿದವರು ಗಿಟಾರ್ ಅಂದುಕೊಳ್ಳುತ್ತಾರೆ. ಅದೇ ಬ್ಯಾಂಡಿನ ಜಾನಿ ಗಿಂಬಲ್ ಫಿಡಲ್, ಮ್ಯಾಂಡೊಲಿನ್ ಎರಡನ್ನೂ ನುಡಿಸುತ್ತಿದ್ದ, ಎರಡರ ನಡುವಿನ ಸಂಬಂಧ ತಿಳಿಯಲು ಅವನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಡೇವಿಡ್ ಗ್ರಿಸ್‌ಮನ್ 1970ರ ದಶಕದಲ್ಲಿ ಬ್ಲೂಗ್ರಾಸ್ ವಾದ್ಯಗಳಲ್ಲೇ ಜ್ಯಾಝ್ ಕಟ್ಟಿ ಅದಕ್ಕೆ ‘ಡಾಗ್’ ಸಂಗೀತ ಎಂದು ಹೆಸರಿಟ್ಟರು.

ಮ್ಯಾಂಡೊಲಿನ್ ಇಲ್ಲದ್ದನ್ನೂ ಕೇಳಿ. ಪ್ಯಾರಿಸ್‌ನಲ್ಲಿ 1934ರಲ್ಲಿ ಶುರುವಾದ ಗಿಟಾರಿನ ಜ್ಯಾಂಗೊ ರೈನ್‌ಹಾರ್ಟ್, ವಯಲಿನ್‌ನ ಸ್ಟೆಫಾನ್ ಗ್ರಾಪೆಲ್ಲಿ ಅವರ ಹಾಟ್ ಕ್ಲಬ್ ಬ್ಯಾಂಡಿನಲ್ಲಿ ಡ್ರಮ್ಸ್ ಇಲ್ಲ, ಹಾರ್ನ್ ಇಲ್ಲ: ಒಂದು ವಯಲಿನ್, ಮೂರು ಗಿಟಾರ್, ಒಂದು ಬಾಸ್. ಗ್ರಾಪೆಲ್ಲಿ ನುಡಿಸಿದ ಸಾಲುಗಳು ನಮ್ಮ ತಂತಿಗಳ ಮೇಲೆ ಹಾಗೇ ಕೂರುತ್ತವೆ. ನುಡಿಗಟ್ಟುಗಳ ನಡುವೆ ಉಸಿರು ಬಿಡುವುದನ್ನು ಕಲಿಯಲು ಲೆಸ್ಟರ್ ಯಂಗ್‌ನ ಸ್ಯಾಕ್ಸೊಫೋನ್.

ಎಲ್ಲರೂ ಸೇರಿ ನುಡಿಸುವ ಕಡೆ ಹೋಗಲು ಭಯ. ಅಲ್ಲಿನ ರೀತಿನೀತಿ ಏನು?

ಹಳೆಯ ಕಾಲದ ಫಿಡಲ್ ಕೂಟಗಳಲ್ಲಿ ಸೋಲೋ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಟ್ಯೂನನ್ನು ಹತ್ತಾರು ಸುತ್ತು ನುಡಿಸುತ್ತಾರೆ, ಮುಗಿಸುವ ಸಮಯ ಬಂದಾಗ ಟ್ಯೂನ್ ಎತ್ತಿಕೊಂಡವರು ಒಂದು ಕಾಲು ಮೇಲೆತ್ತುತ್ತಾರೆ. ಕಾಲು ಎದ್ದರೆ ಇದೇ ಕೊನೆಯ ಸುತ್ತು. ಟ್ಯೂನ್ ಬಾರದಿದ್ದರೆ ಮೆಲ್ಲಗೆ ಕಾರ್ಡ್ ಹಾಕುತ್ತಾ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಬ್ಲೂಗ್ರಾಸ್‌ನಲ್ಲಿ ಸರದಿ ಬರುತ್ತದೆ. ಬೇಡವಾದರೆ ತಲೆ ಅಲ್ಲಾಡಿಸಿದರೆ ಸರದಿ ಮುಂದಿನವರಿಗೆ ಹೋಗುತ್ತದೆ.

ಜ್ಯಾಝ್ ಕೂಟದಲ್ಲಿ ಮೊದಲು ಮೂಲ ಮಟ್ಟು, ಆಮೇಲೆ ಒಬ್ಬೊಬ್ಬರ ಸೋಲೋ, ಕೆಲವೊಮ್ಮೆ ಡ್ರಮ್ಮರ್ ಜೊತೆ ನಾಲ್ಕು ನಾಲ್ಕು ಬಾರ್‌ಗಳ ಜಗಳ, ಕೊನೆಗೆ ಮತ್ತೆ ಮಟ್ಟು. ಕೀ ಯಾವುದೆಂದು ಶುರುವಾಗುವ ಮೊದಲೇ ಕೇಳಿಕೊಳ್ಳಿ. ಪಿಯಾನೊ ಮತ್ತು ಗಿಟಾರ್ ಎರಡೂ ಕಾರ್ಡ್ ಹಾಕುತ್ತಿದ್ದರೆ ನೀವು ಮೂರನೆಯವರಾಗಬೇಡಿ. ಒಂದು ಸುತ್ತಿನ ಸೋಲೋ ಸಾಕು, ಅದೂ ಮೂಲ ಮಟ್ಟಿಗೆ ಹತ್ತಿರ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು?

ಅರ್ಧ ಗಂಟೆ, ಆದರೆ ಪ್ರತಿದಿನ. ಹತ್ತು ನಿಮಿಷ ಗೊತ್ತಿರುವ ಟ್ಯೂನ್, ಹತ್ತು ನಿಮಿಷ ಗೈಡ್ ಟೋನ್‌ಗಳು, ಹತ್ತು ನಿಮಿಷ ಮನಸ್ಸಿಗೆ ಬಂದದ್ದು. ಭಾನುವಾರ ನಾಲ್ಕು ಗಂಟೆ ಕೂತು ವಾರವಿಡೀ ಮುಟ್ಟದಿದ್ದರೆ ಬೆರಳ ತುದಿಯ ಚರ್ಮವೂ ಗಟ್ಟಿಯಾಗುವುದಿಲ್ಲ.

ವಯಲಿನ್ ನುಡಿಸುತ್ತೇನೆ. ನನಗೆ ಇದೆಲ್ಲ ಬೇಕೇ?

ಎಡಗೈ ಪಾಠಗಳನ್ನು ಬಿಟ್ಟು ಮುಂದೆ ಹೋಗಿ. ಬೆರಳನ್ನು ಫ್ರೆಟ್ ಕಡ್ಡಿಯ ಮೇಲೆ ಅಲ್ಲ, ಅದರ ಹಿಂದೆ, ಒತ್ತಿಕೊಂಡೇ ಇಡಬೇಕು ಅನ್ನುವುದೊಂದು ಅಭ್ಯಾಸವಾಗಲಿ. ಬಲಗೈ ಮಾತ್ರ ಸೊನ್ನೆಯಿಂದ ಶುರು. ಪಿಕ್ ಬಗ್ಗೆ ಬರೆದ ಭಾಗವನ್ನು ಎರಡು ಸಲ ಓದಿ.